ಎಲ್ಲರ ಟ್ಯಾಂಕಿಗೆ ಸುರಿಯುವ ದ್ರಾಕ್ಷಿ

ಮಗಳೇ,

ಮೋರ್ಜೆಯ ಸಹಕಾರಿ ವೈನರಿಯಲ್ಲಿ ಈ ಸಲದ ಕೊಯ್ಲಿನ ಕೆಲಸ ಸಿಕ್ಕಿತು ಎಂದು ಬರೆದಿದ್ದೀಯ. ಓದಿ ಎದೆ ತುಂಬಿತು. ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳ ನಡುವೆ ಆಡಿ ಬೆಳೆದವಳು ಆಲ್ಪ್ಸ್ ಪರ್ವತದ ಕಣಿವೆಗೆ ದ್ರಾಕ್ಷಿ ಕೊಯ್ಯಲು ಹೊರಟಿದ್ದೀ ಎಂದರೆ ನಮ್ಮ ಮನೆತನಕ್ಕೆ ಸಣ್ಣ ಮಾತಲ್ಲ. ವೈನ್ ಮಾಡುವ ವಿದ್ಯೆ ಕಲಿಸುವವರು ಅಲ್ಲಿದ್ದಾರೆ, ಅದರಲ್ಲಿ ಈ ಮಾಮಾ ಬಾಯಿ ಹಾಕುವುದಿಲ್ಲ. ಆದರೆ ನಾನು ಆಯುಷ್ಯದ ಬಹುಪಾಲು ಕಳೆದದ್ದು ಎರಡೇ ಜಾಗದಲ್ಲಿ: ದ್ರಾಕ್ಷಿ ಚಪ್ಪರದ ಕೆಳಗೆ, ಮತ್ತು ಸಹಕಾರ ಸಂಘದ ಆಡಳಿತ ಮಂಡಳಿಯ ಕೋಣೆಯಲ್ಲಿ. ರೈತರ ತಂಡದ ಜೊತೆ ಆ ಕಣಿವೆಗೂ ಒಮ್ಮೆ ಹೋಗಿ ಬಂದಿದ್ದೇನೆ. ಅಷ್ಟರ ಬಲದ ಮೇಲೆ ನಾಲ್ಕು ಮಾತು ಹೇಳುತ್ತೇನೆ, ಕಿವಿಗೊಟ್ಟು ಕೇಳು.

ಅಲ್ಲಿ ನೀನು ವೈನನ್ನು ನೋಡುವ ಮೊದಲು ರೈತನನ್ನು ನೋಡಬೇಕು. ಬಾಟಲಿಯ ಮೇಲೆ ತನ್ನ ಹೆಸರು ಬರುವುದಿಲ್ಲ, ತನ್ನ ಹಣ್ಣಿನ ರಸ ಹತ್ತಾರು ಮನೆಗಳ ರಸದ ಜೊತೆ ಒಂದೇ ಟ್ಯಾಂಕಿನಲ್ಲಿ ಕಲೆತುಹೋಗುತ್ತದೆ ಎಂದು ಗೊತ್ತಿರುವ ಮನುಷ್ಯ ಎಂಥ ಗೊಂಚಲು ತರುತ್ತಾನೆ? ಹೊಲದಲ್ಲಿ ಯಾವುದನ್ನು ಕತ್ತರಿಸಿ ನೆಲಕ್ಕೆ ಬಿಸಾಡುತ್ತಾನೆ, ಯಾವುದನ್ನು ಕ್ರೇಟಿಗೆ ಹಾಕುತ್ತಾನೆ? ನಾನು ಹೇಳಬೇಕಾದದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಜಾಗದ ಗುರುತು ಮಾಡಿಕೊ. ಆವೊಸ್ತಾ ಕಣಿವೆ ಇಟಲಿಯ ಎಲ್ಲಕ್ಕಿಂತ ಚಿಕ್ಕ ಪ್ರಾಂತ. 1948ರಿಂದ ಅದಕ್ಕೆ ಸ್ವಾಯತ್ತ ಸ್ಥಾನವಿದೆ. ಇಟಾಲಿಯನ್ ಮತ್ತು ಫ್ರೆಂಚ್ ಎರಡಕ್ಕೂ ಅಲ್ಲಿ ಸಮಾನ ಮಾನ್ಯತೆ, ಮುದುಕರ ಬಾಯಲ್ಲಿ ಅವೆರಡೂ ಅಲ್ಲದ ಊರಮಾತು ಬೇರೆ. ಕಣಿವೆಯ ನಡುವೆ ದೋರಾ ಬಾಲ್ತೆಯಾ ನದಿ ಹರಿಯುತ್ತದೆ. ನದಿಯ ದಂಡೆ ಹಿಡಿದು ಮೇಲೆ ಮೇಲೆ ಹೋದರೆ, ಮೋಂ ಬ್ಲಾಂ ಪರ್ವತ ಎದುರಿಗೆ ಗೋಡೆಯಂತೆ ನಿಲ್ಲುವ ಹೊತ್ತಿಗೆ, ಮೋರ್ಜೆ ಮತ್ತು ಲಾ ಸಾಲ್ ಎಂಬ ಊರುಗಳು ಸಿಗುತ್ತವೆ. ಆ ಪರ್ವತದ ಎತ್ತರ 4,800 ಮೀಟರಿಗೂ ಮೇಲೆ. ದ್ರಾಕ್ಷಿ ತೋಟಗಳು ಬಿಸಿಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ 900 ಮೀಟರಿನಿಂದ 1,200 ಮೀಟರಿನವರೆಗೆ ಇವೆ. ಯುರೋಪಿನಲ್ಲಿ ಇಷ್ಟು ಎತ್ತರದಲ್ಲಿ ವೈನಿಗಾಗಿ ದ್ರಾಕ್ಷಿ ಬೆಳೆಯುವ ಜಾಗಗಳು ಬೆರಳೆಣಿಕೆಯಷ್ಟು. ನಂದಿಬೆಟ್ಟದ ತುದಿ ಇದಕ್ಕಿಂತ ಎತ್ತರ ಅಲ್ಲವೇ ಎಂದು ನೀನು ಕೇಳಬಹುದು. ಆದರೆ ನಾವು ಇರುವುದು ಸೂರ್ಯನ ನೆತ್ತಿಯ ಕೆಳಗೆ. ಅಲ್ಲಿ 1,200 ಮೀಟರ್ ಎಂದರೆ ವರ್ಷದಲ್ಲಿ ಹಲವು ತಿಂಗಳು ಹಿಮ, ಕೈಗೆ ಸಿಗುವುದು ಒಂದು ಗಿಡ್ಡ ಬೇಸಿಗೆ.

ಆ ಗಿಡ್ಡ ಬೇಸಿಗೆಗೆ ಒಗ್ಗಿಕೊಂಡ ತಳಿಯೇ ಪ್ರಿಯೇ ಬ್ಲಾಂ. ಬಿಳಿ ದ್ರಾಕ್ಷಿ, ಆ ಕಣಿವೆಯದೇ ತಳಿ. ಬೇಗ ಹಣ್ಣಾಗುತ್ತದೆ, ಚಳಿ ಮರಳುವ ಮೊದಲೇ ಕೊಯ್ಲಿಗೆ ಬರುತ್ತದೆ. ಕೆಂಪು ವೈನಿಗೆ ಬೇಕಾದ ಬಣ್ಣ, ಒಗರು ಸಿಪ್ಪೆಯಲ್ಲಿ ಪಕ್ವವಾಗಬೇಕಾದರೆ ದೀರ್ಘ ಬಿಸಿಲು ಬೇಕು, ಅದು ಅಲ್ಲಿಲ್ಲ. ಹಾಗಾಗಿ ಆ ಎತ್ತರದಲ್ಲಿ ಬಿಳಿ ವೈನನ್ನು ಯಾರೋ ಕೂತು ಆರಿಸಿಕೊಂಡದ್ದಲ್ಲ, ಹವಾಮಾನವೇ ಆರಿಸಿಕೊಟ್ಟಿತು. ಇನ್ನೊಂದು ಸೂಕ್ಷ್ಮವನ್ನು ನೀನು ನಮ್ಮ ಹೊಲದಲ್ಲಿಯೇ ಕಂಡಿದ್ದೀ. ನಮ್ಮಲ್ಲಿ ಸಕ್ಕರೆ ಏರುತ್ತಿದ್ದಂತೆ ಹುಳಿ ಸರ್ರನೆ ಇಳಿದುಬಿಡುತ್ತದೆ, ಯಾಕೆಂದರೆ ಕಾವಿಗೆ ಹಣ್ಣು ತನ್ನ ಹುಳಿಯನ್ನು ತಾನೇ ಕರಗಿಸಿಕೊಳ್ಳುತ್ತದೆ. ಒಣದ್ರಾಕ್ಷಿಗೆ ಅದರಿಂದ ನಷ್ಟವಿಲ್ಲ, ನಮಗೆ ಬೇಕಾದದ್ದು ಸಿಹಿ. ಮೋರ್ಜೆಯಲ್ಲಿ ಹಗಲು ಬಿಸಿಲಿದ್ದರೂ ರಾತ್ರಿ ಹಿಮಪರ್ವತದ ಗಾಳಿ ಇಳಿಯುತ್ತದೆ, ಹುಳಿ ಹಣ್ಣಿನಲ್ಲಿಯೇ ಉಳಿಯುತ್ತದೆ. ಆ ವೈನಿನ ಬೆನ್ನೆಲುಬು ಆ ಹುಳಿಯೇ. ಮದ್ಯಸಾರದ ಪ್ರಮಾಣ ಕಡಿಮೆ, ಬಣ್ಣ ತಿಳಿಹಸಿರು ಬೆರೆತ ನಸುಹಳದಿ, ವಾಸನೆಯಲ್ಲಿ ಬೆಟ್ಟದ ಹುಲ್ಲು ಮತ್ತು ಗಿಡಮೂಲಿಕೆ. ಗಟ್ಟಿ, ದಪ್ಪ ವೈನ್ ಬಯಸುವವರಿಗೆ ಅದು ಸಪ್ಪೆ ಎನಿಸಬಹುದು. ನನ್ನ ದೃಷ್ಟಿಯಲ್ಲಿ ಆ ಹಗುರತನವೇ ಅದರ ಸತ್ಯ: ಆ ನೆಲ, ಆ ಬಿಸಿಲು ಕೊಟ್ಟಷ್ಟೇ ಅದರಲ್ಲಿದೆ.

ಚಪ್ಪರ ನೋಡಿದ ಕೂಡಲೇ ನಿನಗೆ ಊರು ನೆನಪಾಗುತ್ತದೆ, ಆದರೆ ಅದರ ಎತ್ತರ ನೋಡಿ ದಿಗಿಲಾಗುತ್ತದೆ. ನಮ್ಮ ಚಪ್ಪರದ ಕೆಳಗೆ ಆಳು ತಲೆಯೆತ್ತಿ ನಡೆಯಬಹುದು. ಅವರದು ಸೊಂಟದ ಮಟ್ಟದ್ದು. ಹಗಲೆಲ್ಲ ಕಾದ ಮಣ್ಣು, ಕಲ್ಲು ರಾತ್ರಿ ಬಿಡುವ ಶಾಖ ಗೊಂಚಲಿಗೆ ತಾಗಲಿ, ಬೆಟ್ಟದ ಗಾಳಿ ಮೇಲಿಂದ ಮೇಲೆಯೇ ಹಾದುಹೋಗಲಿ ಎಂದು ಹಿರಿಯರು ಮಾಡಿದ ಏರ್ಪಾಡು. ಅದರ ಕೆಳಗೆ ಬಾಗಿ, ಮಂಡಿಯೂರಿ, ಕೆಲವು ಕಡೆ ತೆವಳಿ ಕೊಯ್ಯಬೇಕು. ಯಂತ್ರ ಒಳಗೆ ಬರಲಾರದು. ಮೊದಲ ದಿನಗಳಲ್ಲಿ ಬೆನ್ನು, ಮೊಣಕಾಲು ಹಿಡಿದುಕೊಳ್ಳುತ್ತವೆ. ಮೊಣಕಾಲಿಗೆ ದಪ್ಪ ಬಟ್ಟೆಯ ಪಟ್ಟಿ ಕಟ್ಟಿಕೊ, ನಾಚಿಕೆ ಬೇಡ. ನೋವಾದರೆ ಬಾಯಿಬಿಟ್ಟು ಹೇಳು. ನಮ್ಮ ಹುಡುಗಿಯರು ಪರದೇಶದಲ್ಲಿ ಹಲ್ಲು ಕಚ್ಚಿ ಸಹಿಸಿಕೊಂಡು ಕೊನೆಗೆ ಹಾಸಿಗೆ ಹಿಡಿಯುವುದನ್ನು ಕೇಳಿದ್ದೇನೆ. ಆ ಸಹನೆಯಿಂದ ಯಾರಿಗೂ ಲಾಭವಿಲ್ಲ.

ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸುವ ಲೆಕ್ಕವೂ ಅಲ್ಲಿ ಬೇರೆ. ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲ, ಅದಕ್ಕೇ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಕತ್ತರಿ ಹಿಡಿಯುತ್ತೇವೆ. ಅವರ ಬಳ್ಳಿ ಚಳಿಗಾಲವಿಡೀ ಹಿಮದಲ್ಲಿ ಮಲಗುತ್ತದೆ. ಅವರು ಕತ್ತರಿಸುವುದು ಒಮ್ಮೆ, ಆ ಒಂದು ಸಲದಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಆ ವರ್ಷ ಇನ್ನೊಂದು ಅವಕಾಶವಿಲ್ಲ.

ಬೇರಿನ ವಿಷಯ ಬಂದಾಗ ಸ್ವಲ್ಪ ನಿಂತು ನೋಡು. ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ದ್ರಾಕ್ಷಿ ತೋಟಗಳನ್ನು ನೆಲಸಮ ಮಾಡಿತು. ಫ್ರಾನ್ಸಿನಲ್ಲಿ ಊರಿಗೆ ಊರೇ ಬಳ್ಳಿ ಕಿತ್ತು ಹಾಕಬೇಕಾಯಿತು. ಕೊನೆಗೆ ಕಂಡುಕೊಂಡ ದಾರಿಯೆಂದರೆ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ತಮ್ಮ ತಳಿಯನ್ನು ಕಸಿ ಕಟ್ಟುವುದು. ಅಂದಿನಿಂದ ಜಗತ್ತಿನ ಹೆಚ್ಚಿನ ದ್ರಾಕ್ಷಿ ನಿಂತಿರುವುದು ಎರವಲು ಬೇರಿನ ಮೇಲೆ. ನಮ್ಮ ಹೊಲದ ಡಾಗ್ರಿಡ್ಜ್ ಕೂಡ ಅಮೆರಿಕ ಮೂಲದ್ದೇ, ನಾವು ಅದನ್ನು ಬಳಸುವುದು ಬರ ಮತ್ತು ಉಪ್ಪುನೀರನ್ನು ತಾಳಿಕೊಳ್ಳಲಿ ಎಂದು. ಮೋರ್ಜೆಯ ಎತ್ತರಕ್ಕೆ, ಅಲ್ಲಿನ ಚಳಿಗೆ, ಮರಳುಮಿಶ್ರಿತ ಮಣ್ಣಿಗೆ ಆ ಹೇನು ನಿಲ್ಲಲಿಲ್ಲ. ಹಾಗಾಗಿ ಪ್ರಿಯೇ ಬ್ಲಾಂ ಇವತ್ತಿಗೂ ತನ್ನದೇ ಬೇರಿನ ಮೇಲೆ ನಿಂತಿದೆ. ಒಂದು ಬಳ್ಳಿ ಸತ್ತರೆ ಪಕ್ಕದ ಬಳ್ಳಿಯ ಉದ್ದ ಕೊಂಬೆಯೊಂದನ್ನು ಬಗ್ಗಿಸಿ ಮಣ್ಣಿನಲ್ಲಿ ಹೂಳುತ್ತಾರೆ, ಅದು ಬೇರು ಬಿಟ್ಟು ಹೊಸ ಬಳ್ಳಿಯಾಗುತ್ತದೆ. ಅಲ್ಲಿನ ತೋಟಗಳಿಗೆ ಕಾಲಿಡುವ ಮುನ್ನ ಬೂಟಿಗಂಟಿದ ಮಣ್ಣನ್ನು ಸ್ವಚ್ಛವಾಗಿ ತೊಳೆದುಕೊ, ಬೇರೆ ಕಡೆಯ ತೋಟದಲ್ಲಿ ಓಡಾಡಿ ಬಂದಿದ್ದರೆ ಇನ್ನೂ ಮುಖ್ಯ. ಯಾರೂ ಹೇಳದಿದ್ದರೂ ಮಾಡು. ಅವರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಬೇರು ಅದು.

ಇಷ್ಟೆಲ್ಲ ಇದ್ದೂ ಆ ವೈನ್ ಅಳಿವಿನ ಅಂಚಿಗೆ ಹೋಗಿತ್ತು. ಯಾಕೆಂದರೆ ಹೊಲಗಳು ಒಡೆದು ಚೂರಾಗಿದ್ದವು. ಅಪ್ಪನಿಂದ ಮಕ್ಕಳಿಗೆ, ಮಕ್ಕಳಿಂದ ಮೊಮ್ಮಕ್ಕಳಿಗೆ ಹಿಸ್ಸೆಯಾಗುತ್ತ ಒಂದೊಂದು ಮನೆಯ ಪಾಲಿಗೆ ನಾಲ್ಕು ಸಾಲು ಬಳ್ಳಿ ಉಳಿದಿತ್ತು. ಈ ಸಂಕಟ ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. 1965ರಲ್ಲಿ ಮೋಂ ಬ್ಲಾಂ ಸುರಂಗ ತೆರೆಯಿತು, ಹಿಮಕ್ರೀಡೆಗೆ ಬರುವ ಪ್ರವಾಸಿಗರ ಸಂಖ್ಯೆ ಏರಿತು, ಹೋಟೆಲಿನ ಕೆಲಸದ ಸಂಬಳದ ಮುಂದೆ ಚಪ್ಪರದ ಕೆಳಗೆ ತೆವಳುವ ಗೇಯ್ಮೆ ಯಾರಿಗೆ ಬೇಕು? ಉಳಿದವರು ಮನೆಮಟ್ಟಿಗೆ ವೈನ್ ಮಾಡಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಮೋರ್ಜೆಯ ಚರ್ಚಿನ ಪಾದ್ರಿ ಅಲೆಕ್ಸಾಂದ್ರ್ ಬೂಜಾ ಈ ವೈನಿನ ಬೆನ್ನಿಗೆ ನಿಂತರು. ಇದು ಬಾಟಲಿಗೆ ತುಂಬಿ ಹೊರಗಿನವರ ಮುಂದೆ ಇಡಲು ಯೋಗ್ಯವಾದ ವೈನ್ ಎಂದು ನಂಬಿದರು, ರೈತರನ್ನೂ ನಂಬಿಸಿದರು. ಮುಂದೆ 1983ರಲ್ಲಿ ಬೆಳೆಗಾರರು ಸೇರಿ ಸಹಕಾರಿ ಕಟ್ಟಿದರು. ಇವತ್ತು ಹತ್ತಾರು ಮನೆತನಗಳು ಅದರ ಸದಸ್ಯರು. ಎಲ್ಲರ ತೋಟ ಕೂಡಿಸಿದರೂ ಐವತ್ತು ಎಕರೆಯ ಆಸುಪಾಸು. ನಮ್ಮ ಕಡೆ ಒಬ್ಬಿಬ್ಬರು ದೊಡ್ಡ ಗೌಡರ ಹೊಲ ಕೂಡಿಸಿದರೆ ಆಗುವಷ್ಟು! ಅಷ್ಟರಲ್ಲೇ ಅವರು ತಿಳಿ ಬಿಳಿ ವೈನ್ ಮಾಡುತ್ತಾರೆ, ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸಿ ನೊರೆ ವೈನ್ ಮಾಡುತ್ತಾರೆ, ಗೊಂಚಲನ್ನು ಕೊರೆಯುವ ಚಳಿಯವರೆಗೆ ಬಳ್ಳಿಯಲ್ಲೇ ಬಿಟ್ಟು ಸಿಹಿ ವೈನನ್ನೂ ಮಾಡುತ್ತಾರೆ. ಕಣಿವೆಯಲ್ಲಿ ಇನ್ನೂ ಮೇಲಿರುವ ಕೂರ್ಮಾಯೋರ್‌ ಎಂಬ ಊರಿನ ಪರ್ವತ ಮಾರ್ಗದರ್ಶಕರ ಸಂಘ 1850ರಲ್ಲಿ ಹುಟ್ಟಿದ ಹಳೆಯ ಸಂಘ. ಆ ಮಾರ್ಗದರ್ಶಕರ ಹೆಸರಿನಲ್ಲಿ ಒಂದು ನೊರೆ ವೈನನ್ನು ರೋಪ್‌ವೇ ಹತ್ತಿ, 2,000 ಮೀಟರಿಗೂ ಮೇಲಿನ ನಿಲ್ದಾಣದಲ್ಲಿ ಸಿದ್ಧಪಡಿಸುತ್ತಾರೆ.

ಈಗ ನಾನು ಮೊದಲು ಎತ್ತಿದ ಪ್ರಶ್ನೆಗೆ ಬರೋಣ.

ಬಿಳಿ ವೈನಿಗೆ ಮುಚ್ಚಿಕೊಳ್ಳಲು ಏನೂ ಇಲ್ಲ. ಕೆಂಪು ವೈನಿನಲ್ಲಿ ಸಿಪ್ಪೆ ರಸದೊಡನೆ ದಿನಗಟ್ಟಲೆ ನೆನೆಯುತ್ತದೆ, ಅದರ ಬಣ್ಣ, ಒಗರು ಎಷ್ಟೋ ಕುಂದನ್ನು ಮರೆಮಾಡುತ್ತವೆ. ಬಿಳಿಯದರಲ್ಲಿ ಹಣ್ಣು ಬಂದ ಕೂಡಲೇ ಹಿಂಡುತ್ತಾರೆ, ಸಿಪ್ಪೆ ಬೇರೆ ಮಾಡುತ್ತಾರೆ, ರಸವನ್ನು ತಂಪಿನಲ್ಲಿಟ್ಟು ತಿಳಿಯಾಗಲು ಬಿಡುತ್ತಾರೆ, ಆಮೇಲೆ ಸ್ಟೀಲ್ ಟ್ಯಾಂಕಿನಲ್ಲಿ ಕಾವು ಏರದಂತೆ ನಿಧಾನವಾಗಿ ಹುದುಗಿಸುತ್ತಾರೆ. ಒಂದೇ ತಳಿ, ಹಗುರ ದೇಹ, ಮರದ ಪೀಪಾಯಿಯ ವಾಸನೆಯೂ ಅಡ್ಡಬರುವುದಿಲ್ಲ. ಬೂಸ್ಟು ಹಿಡಿದು ಕೊಳೆತ ಹಣ್ಣಿನ ಒಂದು ಕ್ರೇಟು ಅದರೊಳಗೆ ಬಿದ್ದರೆ ಸಾಕು, ರಸ ಕಂದಲು ಶುರುವಾಗುತ್ತದೆ, ವಾಸನೆ ಮಂಕಾಗುತ್ತದೆ. ಯಾರ ಕ್ರೇಟು ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ನಷ್ಟ ಎಲ್ಲರ ಮನೆಗೂ ಹೋಗುತ್ತದೆ.

ಸಹಕಾರಿ ವೈನರಿಗಳಲ್ಲಿ ಇದಕ್ಕೆ ಕಾವಲಿದೆ. ಹಣ್ಣು ಬಂದಾಗ ತೂಕದ ಜೊತೆಗೆ ಸಕ್ಕರೆ ಅಳೆಯುತ್ತಾರೆ, ನಮ್ಮ ಬ್ರಿಕ್ಸ್ ಮೀಟರಿನಂಥದ್ದೇ ಸಾಧನ. ಹಣ್ಣಿನ ಆರೋಗ್ಯ ನೋಡುತ್ತಾರೆ. ಅದರ ಮೇಲೆ ದರ. ಸದಸ್ಯನಾದವನು ತನ್ನ ಎಲ್ಲ ಹಣ್ಣನ್ನೂ ಸಂಘಕ್ಕೇ ಕೊಡಬೇಕು ಎಂಬ ಕರಾರು ಸಾಮಾನ್ಯವಾಗಿ ಇರುತ್ತದೆ. ಆದರೆ ಮೀಟರು ಎಲ್ಲವನ್ನೂ ಹಿಡಿಯಲಾರದು. ಗೊಂಚಲಿನ ಒಳಗಿನ ನಾಲ್ಕು ಕೊಳೆತ ಕಾಳನ್ನು ಹೊಲದಲ್ಲೇ ಕತ್ತರಿಯ ತುದಿಯಿಂದ ತೆಗೆದವನ ಹಣ್ಣಿಗೂ, ನೋಡಿಯೂ ನೋಡದಂತೆ ಹಾಕಿದವನ ಹಣ್ಣಿಗೂ ಕ್ರೇಟಿನ ಮೇಲಿನಿಂದ ಅಂತರ ಕಾಣುವುದಿಲ್ಲ. ಅಲ್ಲಿ ಕಾವಲು ಕಾಯುವುದು ಮನುಷ್ಯನ ಮನಸ್ಸು ಮಾತ್ರ.

ನಮ್ಮ ಕಡೆ ಒಂದು ಸಂಘ ಹೇಗೆ ಮುಳುಗಿತು ಎಂದು ನಿನಗೆ ಹೇಳಿದ್ದಿಲ್ಲ, ಆಗ ನೀನು ಬಹಳ ಚಿಕ್ಕವಳು. ಒಣದ್ರಾಕ್ಷಿಯನ್ನು ಎಲ್ಲರೂ ಕೂಡಿ ಮಾರೋಣ, ತಾಸಗಾಂವ್, ಸಾಂಗ್ಲಿಯ ಅಡತಿ ಅಂಗಡಿಗಳ ಮುಂದೆ ಒಬ್ಬೊಬ್ಬರೇ ಕೈಕಟ್ಟಿ ನಿಲ್ಲುವುದು ಬೇಡ ಎಂದು ಕಟ್ಟಿದ ಸಂಘ. ಮೊದಲ ವರ್ಷ ಚಲೋ ನಡೆಯಿತು. ಎರಡನೆಯ ವರ್ಷದಿಂದ ಜನ ಹಸಿರು ಹೊಳಪಿನ ಒಳ್ಳೆಯ ಮಾಲನ್ನು ಸದ್ದಿಲ್ಲದೆ ಅಡತಿಗೆ ಸಾಗಿಸಿ, ಮಳೆಗೆ ಸಿಕ್ಕು ಕಪ್ಪಾದದ್ದನ್ನು ಸಂಘಕ್ಕೆ ತಂದು ಸುರಿದರು. ಅವರೆಲ್ಲ ಕೆಟ್ಟವರಲ್ಲ, ಮಗಳೇ. ಮನೆಯಲ್ಲಿ ಮದುವೆ, ಅಡತಿಯವನ ಮುಂಗಡ, ಬೋರಿನ ಸಾಲ. ಒಬ್ಬೊಬ್ಬರಿಗೂ ಕಾರಣ ಇತ್ತು. ಕೂಡಿಟ್ಟ ಮಾಲಿನ ಗುಣ ಬಿತ್ತು, ಕೊಳ್ಳುವವರು ಬಿಟ್ಟುಹೋದರು, ಸಂಘದ ಬಾಗಿಲಿಗೆ ಬೀಗ ಬಿತ್ತು. ಆಮೇಲೆ ಎಲ್ಲರೂ ಮತ್ತೆ ಅದೇ ಅಡತಿಯ ಕಟ್ಟೆಯ ಮೇಲೆ. ಸರ್ಕಾರ ಸಹಾಯ ಮಾಡಲಿಲ್ಲ, ಕಾರ್ಯದರ್ಶಿ ಸರಿಯಿರಲಿಲ್ಲ ಎಂದೆಲ್ಲ ಇವತ್ತಿಗೂ ಮಾತಾಡುತ್ತಾರೆ. ನಾನು ಕಣ್ಣಾರೆ ಕಂಡದ್ದು ಇಷ್ಟು: ಸದಸ್ಯರು ತಮ್ಮ ಸಂಘಕ್ಕೆ ತಮ್ಮ ಒಳ್ಳೆಯದನ್ನು ಕೊಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಮೋರ್ಜೆಯಲ್ಲಿ ಹಣ್ಣು ಇಳಿಸುವ ಕಟ್ಟೆಯ ಹತ್ತಿರ ಕೆಲಸ ಕೊಟ್ಟರೆ ಅದನ್ನು ಕೀಳೆಂದು ತಿಳಿಯಬೇಡ. ಪ್ರಯೋಗಾಲಯದಲ್ಲಿ ಕಲಿಯುವುದಕ್ಕಿಂತ ಹೆಚ್ಚಿನದನ್ನು ಅಲ್ಲಿ ಕಲಿಯುತ್ತೀ. ತನ್ನ ಹಣ್ಣಿಗೆ ದರ್ಜೆ ಕಡಿಮೆ ಸಿಕ್ಕಾಗ ರೈತ ಏನು ಮಾಡುತ್ತಾನೆ, ಜಗಳವಾಡುತ್ತಾನೋ, ಒಪ್ಪುತ್ತಾನೋ? ದರ್ಜೆ ಕೊಡುವವನು ತನ್ನ ಭಾವನ ಹಣ್ಣಿಗೂ ಅದೇ ಮೀಟರು ಹಿಡಿಯುತ್ತಾನೋ? ಅಷ್ಟು ಚಿಕ್ಕ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಬೀಗರೇ. ಬೀಗತನದ ನಡುವೆ ನಿಷ್ಠುರವಾಗಿರುವುದು ಹೇಗೆ ಎಂಬುದನ್ನು ನಮ್ಮ ಊರಿನವರು ಕಲಿಯಬೇಕಾಗಿದೆ.

ದುಡ್ಡಿನ ಲೆಕ್ಕವನ್ನೂ ವಿಚಾರಿಸು. ಇಂಥ ಸಂಘಗಳಲ್ಲಿ ಹಣ್ಣು ಕೊಟ್ಟ ದಿನವೇ ಪೂರ್ತಿ ಹಣ ಬರುವುದು ಅಪರೂಪ. ಒಂದು ಕಂತು ಮೊದಲು, ಉಳಿದದ್ದು ವೈನ್ ಮಾರಾಟವಾದಂತೆ, ಕೊನೆಯ ಲೆಕ್ಕ ಮುಂದಿನ ವರ್ಷ. ಅಷ್ಟು ದಿನ ಕಾಯುವ ಶಕ್ತಿ ರೈತನಿಗೆ ಎಲ್ಲಿಂದ ಬರುತ್ತದೆ? ಹಸು ಸಾಕುತ್ತಾನೋ, ಬೇರೆ ನೌಕರಿ ಇದೆಯೋ, ಸಾಲ ಎಲ್ಲಿ ಸಿಗುತ್ತದೆ? ಆ ಕಣಿವೆಯ ಫೊಂಟಿನಾ ಚೀಸ್ ಕೂಡ ದೊಡ್ಡ ಪಾಲು ಸಹಕಾರಿಯ ಮೂಲಕವೇ ಮಾರಾಟವಾಗುತ್ತದೆ, ಆ ಸಹಕಾರಿ 1957ರದ್ದು. ಒಂದು ಸಂಘ ಇನ್ನೊಂದಕ್ಕೆ ಹೇಗೆ ಆಸರೆ ಎಂದು ನನಗೆ ತಿಳಿಯಬೇಕಾಗಿದೆ. ನಮ್ಮಲ್ಲಿ ಅಡತಿಯವನ ಮುಂಗಡವೇ ಸಂಘದ ಕುತ್ತಿಗೆ ಹಿಸುಕಿದ್ದು, ಅದಕ್ಕೇ ಕೇಳುತ್ತಿದ್ದೇನೆ.

ಸಹಕಾರಿ ಎಂದರೆ ಬಡವರ ಅಗ್ಗದ ಸರಕು ಎಂಬ ಮಾತು ವೈನ್ ಲೋಕದಲ್ಲಿಯೂ ಇದೆ. ನಂಬಬೇಡ. ಅದೇ ಆಲ್ಪ್ಸ್‌ನ ಪೂರ್ವದ ಕಡೆ, ಆದಿಜೆ ನದಿಯ ಕಣಿವೆಯಲ್ಲಿ ತೆರ್ಲಾನೊ ಎಂಬ ಊರಿದೆ. 1893ರಲ್ಲಿ ಅಲ್ಲಿನ 24 ಬೆಳೆಗಾರರು ಕೂಡಿ ಸಹಕಾರಿ ಕಟ್ಟಿದರು. ಅವರ ಬಿಳಿ ವೈನು ದಶಕಗಳ ಕಾಲ ಇಟ್ಟರೂ ಕೆಡದೆ ಮಾಗುತ್ತದೆ ಎಂದು ಜಗತ್ತಿನ ರುಚಿಕಾರರೆಲ್ಲ ಒಪ್ಪುತ್ತಾರೆ. ಆ ಪ್ರಾಂತದಲ್ಲಿ ವೈನಿನ ಬಹುಪಾಲು ಇವತ್ತಿಗೂ ಸಹಕಾರಿಗಳದ್ದೇ. ನಮ್ಮ ನೆಲವೂ ಇದರಲ್ಲಿ ಹಿಂದಿರಲಿಲ್ಲ. ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಇಡೀ ದೇಶಕ್ಕೆ ಅದು ಮೊದಲನೆಯದು. ಬೆಂಗಳೂರಿನ ಬೀದಿಬೀದಿಯಲ್ಲಿ ನೀನು ಹಣ್ಣು ಕೊಂಡ ಹಾಪ್‌ಕಾಮ್ಸ್ ಇದೆಯಲ್ಲ, ಅದು 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ ಶುರುವಾದದ್ದು ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ದ್ರಾಕ್ಷಿಯ ಸಲುವಾಗಿಯೇ ಹುಟ್ಟಿದ ಸಂಘ! ನಿನ್ನ ಜೊತೆಯವರಿಗೆ ಇದನ್ನು ತಲೆಯೆತ್ತಿ ಹೇಳು.

ಇನ್ನು ಜೀವದ ಮಾತು. ಇದನ್ನು ಎರಡು ಸಲ ಓದು. ರಸ ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಒಂದು ಲೀಟರ್ ರಸದಿಂದ ಸುಮಾರು 40ರಿಂದ 50 ಲೀಟರಿನಷ್ಟು. ಅದಕ್ಕೆ ಬಣ್ಣವಿಲ್ಲ, ಗಾಳಿಗಿಂತ ಭಾರ, ನೆಲಮಾಳಿಗೆಯ ತಳದಲ್ಲಿ, ಖಾಲಿ ಮಾಡಿದ ಟ್ಯಾಂಕಿನೊಳಗೆ ನಿಂತುಬಿಡುತ್ತದೆ. ನಮ್ಮ ಹಿರಿಯರು ಹಾಳುಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರಲ್ಲ, ಅದೇ ಅಪಾಯ ಇಲ್ಲಿಯದೂ. ವೈನ್ ನಾಡುಗಳಲ್ಲಿ ಟ್ಯಾಂಕಿಗಿಳಿದವರು, ಅವರನ್ನು ಎಳೆಯಲು ಹೋದವರು, ಇಬ್ಬರೂ ಸತ್ತ ಘಟನೆಗಳು ನಡೆಯುತ್ತಲೇ ಇವೆ. ಗಾಳಿ ಅಳೆಯುವ ಯಂತ್ರ ಸರಿ ಎನ್ನುವವರೆಗೆ, ಮೇಲೆ ಇನ್ನೊಬ್ಬರು ನಿಲ್ಲುವವರೆಗೆ ಯಾವ ಟ್ಯಾಂಕಿಗೂ ತಲೆ ಹಾಕಬೇಡ. ಮೇಲಿನವರು ಅವಸರ ಮಾಡಿದರೂ ಇಲ್ಲ ಎನ್ನು. ಕೆಲಸ ಹೋದರೆ ಹೋಗಲಿ.

ನಿಮ್ಮವ್ವನ ಚಿಂತೆ ಬೇರೆ. ನಮ್ಮ ಮನೆಯಲ್ಲಿ ಮದ್ಯ ಮುಟ್ಟಿದವರಿಲ್ಲ, ಮಗಳು ಅದನ್ನೇ ಮಾಡಲು ಹೋದಳು ಎಂದು ಮಂದಿ ಏನೆಂದಾರು ಎಂಬ ಅಳುಕು ಅವಳಿಗೆ. ಅವಳ ಅಳುಕನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡ. ಕುಡಿತದಿಂದ ಒಡೆದ ಮನೆಗಳನ್ನು ಅವಳು ನೋಡಿದ್ದಾಳೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ, ಅದನ್ನು ನೀನು ತಿಳಿದೇ ಈ ಕಸುಬಿಗೆ ಹೋಗಬೇಕು. ರುಚಿ ನೋಡುವುದು ಈ ವಿದ್ಯೆಯ ಭಾಗ, ನಿಜ. ಆದರೆ ಕಸುಬಿನವರು ಬಾಯಲ್ಲಿಟ್ಟು, ಮೂಗಿನಲ್ಲಿ ಹಿಡಿದು, ಉಗುಳುತ್ತಾರೆ. ನುಂಗದಿದ್ದರೆ ಯಾರೂ ಕೊರತೆ ಎಣಿಸುವುದಿಲ್ಲ. ಅವ್ವನಿಗೆ ಸುಳ್ಳು ಹೇಳಬೇಡ, ನಡೆಯುವುದನ್ನು ನಡೆದ ಹಾಗೆ ಹೇಳು. ಊಟದ ಒಂದು ಮಾತು: ಆ ಫೊಂಟಿನಾ ಚೀಸನ್ನು ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಶುದ್ಧ ಸಸ್ಯಾಹಾರಿಯಾದ ನಿನಗೆ ಇದು ಗೊತ್ತಿರಲಿ. ತಿನ್ನುವುದು ಬಿಡುವುದು ನಿನ್ನ ಇಷ್ಟ.

ಬಿಡುವಿನ ದಿನ ಮೆಟ್ಟಿಲು ತೋಟಗಳ ಕಲ್ಲಿನ ಗೋಡೆಗಳನ್ನು ನೋಡಿ ಬಾ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಗೋಡೆಗಳು. ಈ ಕಲೆಗೆ 2018ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿತು, ಇಟಲಿ ಸೇರಿ ಎಂಟು ದೇಶಗಳ ಹೆಸರಿನಲ್ಲಿ. ಇಂಥ ಕಡಿದಾದ ಎತ್ತರದ ತೋಟಗಳ ಹಿತಕ್ಕೆಂದೇ ದುಡಿಯುವ ಚೆರ್ವಿಮ್ ಎಂಬ ಸಂಸ್ಥೆಯೂ ಆವೊಸ್ತಾ ಕಣಿವೆಯಲ್ಲೇ ಇದೆ. ಆದರೂ ಗೋಡೆ ಕುಸಿದಾಗ ಕಲ್ಲು ಹೊರುವವರು ಆ ಊರಿನ ಮನೆಯವರೇ. ಇದರ ಜೊತೆಗೆ ಹವಾಮಾನದ ಪೆಟ್ಟು ಬೇರೆ: ಮೇಲಿನ ಹಿಮನದಿಗಳು ಕರಗಿ ಹಿಂದೆ ಸರಿಯುತ್ತಿವೆ. 2019ರ ಸೆಪ್ಟೆಂಬರಿನಲ್ಲಿ ಪ್ಲಾಂಪಿನ್ಸಿಯೋ ಹಿಮನದಿಯ ತುಂಡು ಕಳಚಿ ಬೀಳುವ ಭಯಕ್ಕೆ ಕೂರ್ಮಾಯೋರ್‌ನ ಮೇಲಿನ ರಸ್ತೆ ಮುಚ್ಚಿದ್ದರು. ಬೆಚ್ಚಗಿನ ವಸಂತದಲ್ಲಿ ಚಿಗುರು ಬೇಗ ಒಡೆಯುತ್ತದೆ, ಆಮೇಲೆ ಒಂದು ರಾತ್ರಿಯ ಹಿಮ ಬಿದ್ದರೆ ವರ್ಷದ ಬೆಳೆ ಹೋಯಿತು. ನಮ್ಮಲ್ಲಿ ಅಕಾಲದ ಮಳೆ ಹೂವಿನ ಹೊತ್ತಿಗೆ ಬಂದು ಡೌನಿ ರೋಗ ತರುತ್ತದೆ. ಅಂಥ ವರ್ಷ ಸಂಘ ಸದಸ್ಯನ ಕೈಹಿಡಿಯುವುದು ಹೇಗೆ, ಅದಕ್ಕೆ ನಿಧಿ ಇಟ್ಟಿದ್ದಾರೆಯೇ, ವಿಮೆ ಇದೆಯೇ ಎಂದು ಕೇಳಿ ಬರೆದುಕೊ.

ಕೊಯ್ಲು ಮುಗಿದ ಕೂಡಲೇ ಟಿಕೆಟ್ ಮಾಡಿಸಬೇಡ. ಸದಸ್ಯರ ಸಭೆ ನಡೆಯುವುದಿದ್ದರೆ ಹಿಂದಿನ ಸಾಲಿನಲ್ಲಿ ಕೂರಲು ಬಿಡುತ್ತೀರಾ ಎಂದು ವಿನಯದಿಂದ ಕೇಳು. ನಾಲ್ಕು ಸಾಲು ಬಳ್ಳಿ ಇರುವವನಿಗೂ ಒಂದೇ ಮತ, ನಾಲ್ಕು ಎಕರೆ ಇರುವವನಿಗೂ ಒಂದೇ ಮತ. ಆ ಸಭೆಯಲ್ಲಿ ದರದ ಮಾತು ಬಂದಾಗ ಅವರು ಹೇಗೆ ವಾದಿಸುತ್ತಾರೆ, ಹೇಗೆ ಒಪ್ಪಂದಕ್ಕೆ ಬರುತ್ತಾರೆ, ಹೆಂಗಸರು ಎಷ್ಟು ಮಂದಿ ಎದ್ದು ಮಾತಾಡುತ್ತಾರೆ, ಎಲ್ಲ ಗಮನಿಸು. ನಮ್ಮ ಊರಿನಲ್ಲಿ ಹೊಸದಾಗಿ ಕಟ್ಟಿರುವ ಸಂಘಕ್ಕೆ ಈ ತಿಳಿವಳಿಕೆ ಬೇಕು, ನಿನ್ನ ವಯಸ್ಸಿನವರೂ ಬೇಕು. ನಿಮ್ಮಪ್ಪ ನಿನ್ನ ಹೆಸರಿಗೆ ಮಾಡಿರುವ ಎರಡು ಎಕರೆಯ ಮೇಲೆ ನೀನು ಸದಸ್ಯಳಾಗಬಹುದು. ಷೇರಿನ ಅರ್ಜಿ ತಂದಿಟ್ಟಿದ್ದೇನೆ. ಬಂದು ಸಹಿ ಹಾಕು.

ನಿನ್ನ ಮಾಮಾ